ಬೆಳಿಗ್ಗೆ ಸೆಲ್ಫ್ ಎತ್ತದ ಕಾರು: ಹೊಸ ಬ್ಯಾಟರಿ ಕೊಳ್ಳುವ ಮುನ್ನ ಅಳೆಯಬೇಕಾದ್ದು

ಕೀ ತಿರುಗಿಸಿದರೂ ಕಾರು ಏಳದಿದ್ದಾಗ ನೋಡಿದವರೆಲ್ಲ ಹೇಳುವ ಮಾತು ಒಂದೇ: ‘ಬ್ಯಾಟರಿ ಹೋಗಿದೆ, ಬದಲಿಸಿ.’ ಹೊಸದನ್ನು ಕೂರಿಸಿದ ದಿನ ಕಾರು ಸ್ಟಾರ್ಟ್ ಆಗಿಯೇ ಆಗುತ್ತದೆ. ತುಂಬಿದ ಬ್ಯಾಟರಿ ಉಳಿದ ದೋಷಗಳನ್ನೆಲ್ಲ ಕೆಲವು ದಿನ ಮುಚ್ಚಿಡುತ್ತದೆ ಅಷ್ಟೆ. ಸಡಿಲ ಟರ್ಮಿನಲ್, ತುಕ್ಕು ಹಿಡಿದ ಅರ್ಥ್ ಪಟ್ಟಿ (ಎಂಜಿನ್ನನ್ನು ಬಾಡಿಗೂ ಬ್ಯಾಟರಿಯ ಮೈನಸ್ಸಿಗೂ ಸೇರಿಸುವ ಪಟ್ಟಿ), ಸರಿಯಾಗಿ ಚಾರ್ಜ್ ಮಾಡದ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ), ರಾತ್ರಿಯಿಡೀ ಕರೆಂಟ್ ಕುಡಿಯುವ ಯಾವುದೋ ದೀಪ ಅಥವಾ ಸಾಧನ ಇದ್ದರೆ ಅವು ಹೊಸ ಬ್ಯಾಟರಿಯನ್ನೂ ಅದೇ ಗತಿಗೆ ತರುತ್ತವೆ. ಸಾವಿರಾರು ರೂಪಾಯಿ ಕೊಡುವ ಮೊದಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಹಿಡಿದು ಅಳೆಯುವುದು ಲೇಸು.

ಇಲ್ಲಿ ಹೇಳಿರುವುದು 12 ವೋಲ್ಟಿನ ಸಾಮಾನ್ಯ ಪೆಟ್ರೋಲ್, ಡೀಸೆಲ್ ಕಾರುಗಳಿಗೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡಿ.

ಬೇಕಾಗುವ ಸಾಮಾನು ಕಡಿಮೆ. ಡಿಜಿಟಲ್ ಮಲ್ಟಿಮೀಟರ್, 10 ಎಂಎಂ ಸ್ಪ್ಯಾನರ್, ಉಪ್ಪು ಕಾಗದ ಅಥವಾ ತಂತಿ ಬ್ರಷ್, ಅಡುಗೆ ಸೋಡಾ, ವ್ಯಾಸಲೀನ್, ಟಾರ್ಚ್, ಜೊತೆಗೆ ಕೀ ತಿರುಗಿಸಲು ಒಬ್ಬರು. ಉಂಗುರ, ಬಳೆ, ಲೋಹದ ವಾಚ್ ಪಟ್ಟಿ ಬಿಚ್ಚಿಡಿ. ಬ್ಯಾಟರಿಯ ಎರಡು ತುದಿಗಳ ನಡುವೆ ಸಿಕ್ಕಿದ ಉಂಗುರ ಕ್ಷಣದಲ್ಲಿ ಕೆಂಡದಂತೆ ಕಾಯುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಬೀಡಿ, ಸಿಗರೇಟು, ಕಿಡಿ ಹತ್ತಿರ ಸುಳಿಯಬಾರದು.

ಮೊದಲು ಕಿವಿಗೊಡಿ

ಮೀಟರ್ ಹೊರತೆಗೆಯುವ ಮೊದಲೇ ಅರ್ಧ ದಾರಿ ಶಬ್ದದಿಂದ ಗೊತ್ತಾಗುತ್ತದೆ. ಹೆಡ್‌ಲೈಟ್ ಹಾಕಿಟ್ಟು, ಅದನ್ನೇ ನೋಡುತ್ತ ಸೆಲ್ಫ್ ಹೊಡೆಯಿರಿ.

‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡು ಹೆಡ್‌ಲೈಟ್ ಮಂಕಾದರೆ ವೋಲ್ಟೇಜ್ ಸಾಲುತ್ತಿಲ್ಲ: ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸರಿಯಾಗಿ ಕೂತಿಲ್ಲ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿಸಿ ಲೈಟ್ ಹಾಗೇ ಉರಿಯುತ್ತಿದ್ದರೆ ಸೆಲ್ಫ್ ಮೋಟಾರಿನ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಬಿಡುವ ವಿದ್ಯುತ್ಕಾಂತದ ಸ್ವಿಚ್) ಕಾಂಟ್ಯಾಕ್ಟ್ ಸುಟ್ಟಿರಬಹುದು, ಇಲ್ಲವೇ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಮರದ ತುಂಡಿನಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿದಾಗ ಒಮ್ಮೆ ಎದ್ದರೆ ಬ್ರಷ್ ಮುಗಿದಿದೆ ಎಂದೇ ತಿಳಿಯಿರಿ. ಅದು ಎಂಜಿನ್ ಮತ್ತೆ ಮತ್ತೆ ಎಬ್ಬಿಸುವ ಉಪಾಯವಲ್ಲ, ವರ್ಕ್‌ಶಾಪ್ ಮುಟ್ಟುವಷ್ಟಕ್ಕೆ ಮಾತ್ರ.

ಏನೂ ಸದ್ದಿಲ್ಲದೆ ಲೈಟ್ ಮಾತ್ರ ಪ್ರಖರವಾಗಿದ್ದರೆ ದೋಷ ಕೀಯಿಂದ ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರಿನ ಕಡೆ ಇದೆ: ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಫ್ಯೂಸ್. ಹಲವು ಮ್ಯಾನ್ಯುಯಲ್ ಕಾರುಗಳು ಕ್ಲಚ್ ಪೂರ್ತಿ ಒತ್ತದೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಕ್ಲಚ್ ಪೆಡಲಿನ ಕೆಳಗೆ ಮಡಚಿಕೊಂಡ ಮ್ಯಾಟ್ ಕೂಡ ಇಂಥ ‘ದೋಷ’ಕ್ಕೆ ಸಾಕು. ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕ್‌ನಲ್ಲಿದೆಯೇ ನೋಡಿ, ನ್ಯೂಟ್ರಲ್‌ನಲ್ಲೂ ಒಮ್ಮೆ ಪ್ರಯತ್ನಿಸಿ.

ಎಂಜಿನ್ ಎಂದಿನ ವೇಗದಲ್ಲೇ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಈ ಬರಹದಲ್ಲಿ ಅದಕ್ಕೆ ಮದ್ದಿಲ್ಲ. ಅದು ಇಂಧನ, ಕಿಡಿ ಅಥವಾ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಏಳದಂತೆ ತಡೆಯುವ ಸಾಧನ) ಕಡೆಯ ತೊಂದರೆ. ಬ್ಯಾಟರಿಯನ್ನು ದೂಷಿಸಬೇಡಿ.

ನಿಂತ ಬ್ಯಾಟರಿಯ ವೋಲ್ಟೇಜ್

ಈಗಷ್ಟೇ ಓಡಿಸಿ ನಿಲ್ಲಿಸಿದ ಕಾರಿನ ಬ್ಯಾಟರಿ ತನ್ನ ಶಕ್ತಿಗಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಅಳೆಯುವುದು ಉತ್ತಮ. ಕಾಯಲು ಆಗದಿದ್ದರೆ ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಮೀಟರಿನ ಕಡ್ಡಿ ಕೇಬಲಿನ ಕ್ಲ್ಯಾಂಪಿಗಲ್ಲ, ಬ್ಯಾಟರಿಯ ಸೀಸದ ಗೂಟಕ್ಕೇ ತಾಗಲಿ.

12.6ರಿಂದ 12.7 ಬಂದರೆ ಪೂರ್ತಿ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲುಭಾಗ. 11.8ಕ್ಕೆ ಇಳಿದರೆ ಖಾಲಿ. 10.5ರ ಆಸುಪಾಸಿನಲ್ಲಿ ನಿಂತು ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ, ಏಕೆಂದರೆ ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ. ಅಂಥ ಬ್ಯಾಟರಿಗೆ ಚಿಕಿತ್ಸೆ ಇಲ್ಲ.

ಇಳಿದ ಬ್ಯಾಟರಿ ಬೇರೆ, ಕೆಟ್ಟ ಬ್ಯಾಟರಿ ಬೇರೆ. 12.0 ತೋರಿಸುವ ಬ್ಯಾಟರಿ ಕೆಟ್ಟಿದೆ ಎಂದು ಹೇಳುವಂತಿಲ್ಲ. ಮೊದಲು ಚಾರ್ಜ್ ಮಾಡಿ, ಆಮೇಲೆ ತೀರ್ಪು ಕೊಡಿ. ಆದರೆ ವಾರಗಟ್ಟಲೆ ಖಾಲಿ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ನಿಜಕ್ಕೂ ಕೆಡುತ್ತದೆ.

ಕೆಲವು ಬ್ಯಾಟರಿಗಳ ಮೇಲ್ಭಾಗದಲ್ಲಿ ಚಾರ್ಜ್ ಇದೆಯೆಂದು ತೋರಿಸುವ ಹಸಿರು ಕಣ್ಣನ್ನು ನಂಬಿ ಕೂರಬೇಡಿ. ಅದು ತೋರಿಸುವುದು ಆರರಲ್ಲಿ ಒಂದೇ ಸೆಲ್ಲಿನ ಸ್ಥಿತಿಯನ್ನು. ಬಿರಡೆ ತೆರೆಯಬಹುದಾದ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹೆಚ್ಚು ಸತ್ಯ ಹೇಳುತ್ತದೆ. ತುಂಬಿದ ಸೆಲ್ಲಿನಲ್ಲಿ ಆಸಿಡ್ಡಿನ ಸಾಂದ್ರತೆ 1.250ರಿಂದ 1.280ರವರೆಗೆ ಇರುತ್ತದೆ, 1.200ಕ್ಕೆ ಬಂದರೆ ಅರ್ಧದಷ್ಟು ಇಳಿದಿದೆ. ಒಂದು ಸೆಲ್ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಅದೇ ರೋಗಿ. ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಮೇಲಿನ ಗೆರೆ ದಾಟಿಸಬೇಡಿ. ಬೋರ್‌ವೆಲ್ ನೀರಿನ ಲವಣ ಫಲಕಗಳನ್ನು ತಿನ್ನುತ್ತದೆ. ಆಸಿಡ್ ಹಾಕುವುದಂತೂ ಬೇಡವೇ ಬೇಡ. ಆವಿಯಾಗಿ ಹೋಗಿರುವುದು ನೀರು, ಆಸಿಡ್ ಒಳಗೇ ಇದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬಿರಡೆ ತೆರೆದು ನೋಡುವುದು ಅತಿಯಲ್ಲ.

ಸೆಲ್ಫ್ ಹೊಡೆಯುವಾಗಿನ ವೋಲ್ಟೇಜ್

ಭಾರ ಹೊರಿಸದೆ ಬ್ಯಾಟರಿಯ ಶಕ್ತಿ ತಿಳಿಯದು. ಎಂಜಿನ್ ಏಳದಂತೆ ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆಯಿರಿ. ಪೈಪಿನಲ್ಲಿ ಉಳಿದ ಇಂಧನಕ್ಕೆ ಮೊದಲ ಸಲ ಒಂದೆರಡು ಕ್ಷಣ ಓಡಿ ನಿಂತೀತು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಈಗ ಜೊತೆಗಾರರು 10 ಸೆಕೆಂಡ್ ಸೆಲ್ಫ್ ಹೊಡೆಯಲಿ, ನೀವು ಬ್ಯಾಟರಿ ಗೂಟದ ಮೇಲಿನ ಅಂಕಿ ನೋಡಿ. ಅಗ್ಗದ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಓದುವುದರಿಂದ ಮೊದಲ ಕುಸಿತ ಸಿಗುವುದಿಲ್ಲ. ನಿಂತ ಅಂಕಿಯನ್ನೇ ಹಿಡಿಯಿರಿ.

ತುಂಬಿದ, ಆರೋಗ್ಯವಂತ ಬ್ಯಾಟರಿ ಸಣ್ಣ ಪೆಟ್ರೋಲ್ ಕಾರಿನಲ್ಲಿ 10ರಿಂದ 11 ವೋಲ್ಟಿನಲ್ಲಿ ನಿಲ್ಲುತ್ತದೆ. ನಿಂತಾಗ 12.6 ತೋರಿಸಿ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಬೀಳುವ ಬ್ಯಾಟರಿಯ ಕಾಲ ಮುಗಿದಿದೆ, ಬದಲಿಸಿ. ಇದಕ್ಕೆ ವ್ಯತಿರಿಕ್ತವಾಗಿ, ಗೂಟದ ಮೇಲೆ 11.5 ವೋಲ್ಟ್ ಇದ್ದೂ ಎಂಜಿನ್ ಒದ್ದಾಡುತ್ತ ತಿರುಗಿದರೆ ಬ್ಯಾಟರಿ ನಿರಪರಾಧಿ. ಶಕ್ತಿ ದಾರಿಯಲ್ಲೆಲ್ಲೋ ಸೋರುತ್ತಿದೆ, ಇಲ್ಲವೇ ಮೋಟಾರಿಗೆ ಅದನ್ನು ಎಳೆದುಕೊಳ್ಳುವ ತಾಕತ್ತಿಲ್ಲ. ಅಂಗಡಿಗಳಲ್ಲಿ ಅತಿ ಹೆಚ್ಚು ತಪ್ಪುವುದು ಈ ಹಂತದಲ್ಲೇ.

ಕೇಬಲ್, ಟರ್ಮಿನಲ್, ಅರ್ಥ್

ಸಣ್ಣ ಪೆಟ್ರೋಲ್ ಎಂಜಿನ್ನಿನ ಸೆಲ್ಫ್ ಮೋಟಾರ್ 100ರಿಂದ 150 ಆಂಪ್ ಎಳೆಯುತ್ತದೆ, ಡೀಸೆಲ್ ಅದರ ಎರಡು ಪಟ್ಟು ಎಳೆದರೂ ಅಚ್ಚರಿಯಿಲ್ಲ. 150 ಆಂಪ್ ಹರಿಯುವ ದಾರಿಯಲ್ಲಿ ನೂರನೇ ಒಂದು ಓಮ್ ತಡೆ ಇದ್ದರೂ 1.5 ವೋಲ್ಟ್ ಅಲ್ಲೇ ಕರಗಿ ಶಾಖವಾಗುತ್ತದೆ. ಇಷ್ಟು ಸಣ್ಣ ತಡೆಯನ್ನು ಮೀಟರಿನ ಓಮ್ ವಿಭಾಗ ಹಿಡಿಯಲಾರದು. ಅದರ ಕಡ್ಡಿಗಳ ವೈರಿನಲ್ಲೇ ಇದಕ್ಕಿಂತ ಹೆಚ್ಚು ತಡೆ ಇರುತ್ತದೆ. ‘ಬೀಪ್ ಬರುತ್ತಿದೆ, ಕೇಬಲ್ ಸರಿ ಇದೆ’ ಎಂಬ ಮಾತು ಹಾಗಾಗಿ ಪೊಳ್ಳು. ಒಳಗೆ ಒಂದೇ ಎಳೆ ಉಳಿದ ಕೇಬಲ್ ಕೂಡ ಬೀಪ್ ಕೊಡುತ್ತದೆ.

ಸರಿಯಾದ ವಿಧಾನ, ಕರೆಂಟ್ ಹರಿಯುವಾಗ ಕೇಬಲಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯುವುದು. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಬರಿಯ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿನೊಳಗಿದ್ದರೆ ಒಳ್ಳೆಯದು, 0.5 ದಾಟಿದರೆ ಅರ್ಥ್ ದಾರಿ ಹಾಳಾಗಿದೆ. ಆಮೇಲೆ ಪ್ಲಸ್ ಗೂಟದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಹೀಗೇ ಅಳೆಯಿರಿ, ಇಲ್ಲಿ 0.5ರವರೆಗೆ ಸಹಿಸಬಹುದು. ಹೆಚ್ಚು ಬಂದ ಕಡೆ ದಾರಿಯನ್ನು ತುಂಡುತುಂಡಾಗಿ ಅಳೆಯುತ್ತ ಹೋಗಿ: ಗೂಟದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಕೇಬಲಿಗೆ, ಕೇಬಲಿನ ಆಚೆ ತುದಿಯ ಲಗ್ಗಿನಿಂದ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಬೋಲ್ಟಿಗೆ. ವೋಲ್ಟೇಜ್ ನೆಗೆಯುವ ಜಾಗವೇ ದೋಷದ ಜಾಗ. ಮೋಟಾರ್ ಕರೆಂಟ್ ಎಳೆಯದಿದ್ದರೆ ಮಾತ್ರ ಈ ಪರೀಕ್ಷೆಗೆ ಅರ್ಥವಿಲ್ಲ, ಎಲ್ಲ ಕಡೆ ಸೊನ್ನೆಯೇ ಬರುತ್ತದೆ. ಆಗ ಸೊಲೆನಾಯ್ಡಿನ ಸಣ್ಣ ವೈರಿಗೆ ಕೀ ತಿರುಗಿಸಿದಾಗ 12 ವೋಲ್ಟ್ ಬರುತ್ತದೆಯೇ ನೋಡಿ. ಬಂದೂ ಮೋಟಾರ್ ಸುಮ್ಮನಿದ್ದರೆ ಮೋಟಾರ್ ಬಿಚ್ಚಬೇಕು. ಬಾರದಿದ್ದರೆ ರಿಲೇ, ಸ್ವಿಚ್ ಕಡೆಗೆ ತಿರುಗಿ.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಬಾಡಿಗೂ ಎಂಜಿನ್ನಿಗೂ ನಡುವೆ ಒಂದು ಪಟ್ಟಿ ಅಥವಾ ಕೇಬಲ್ ಇರಲೇಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಮೊದಲು ಕೈಕೊಡುವುದು ಇದೇ. ಕೇಬಲ್ ನೋಡಲು ಚೆನ್ನಾಗಿರುತ್ತದೆ, ಬೋಲ್ಟಿನ ಕೆಳಗೆ ಮಾತ್ರ ತುಕ್ಕಿನ ಪದರ ಬೆಳೆದಿರುತ್ತದೆ. ಬಿಚ್ಚಿ, ಉಪ್ಪು ಕಾಗದದಲ್ಲಿ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಸವರಿ. ಮಲೆನಾಡು ಮತ್ತು ತೋಟದ ಮನೆಗಳಲ್ಲಿ ಇಲಿ ಕಡಿದ ವೈರನ್ನೂ ಇದೇ ಹೊತ್ತಿಗೆ ಹುಡುಕಿ.

ಟರ್ಮಿನಲ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಏಳುವುದಿಲ್ಲ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ. ನೊರೆ ನಿಂತರೆ ಆಸಿಡ್ ಹೋಗಿದೆ ಎಂದರ್ಥ. ಸೋಡಾ ನೀರು ಬಿರಡೆಯೊಳಗೆ ಇಳಿಯಬಾರದು. ಕ್ಲ್ಯಾಂಪ್ ಕೈಯಲ್ಲಿ ತಿರುವಿದರೆ ಅಲುಗಾಡದಷ್ಟು ಬಿಗಿ ಸಾಕು, ಸೀಸ ಮೆತ್ತಗಿನ ಲೋಹ. ವ್ಯಾಸಲೀನ್ ಬಿಗಿ ಮಾಡಿದ ಮೇಲೆ ಹಚ್ಚುವುದು, ಮೊದಲಲ್ಲ.

ಚಾರ್ಜ್ ಆಗುತ್ತಿದೆಯೇ?

ತೆಗೆದಿದ್ದ ಫ್ಯೂಸ್ ಮರಳಿ ಹಾಕಿ ಎಂಜಿನ್ ಎಬ್ಬಿಸಿ, 1500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದು ಬ್ಯಾಟರಿ ಗೂಟದ ಮೇಲೆ ಅಳೆಯಿರಿ. 13.8ರಿಂದ 14.5 ಬರಬೇಕು. ನಂತರ ಹೆಡ್‌ಲೈಟ್, ಎಸಿ, ಬ್ಲೋವರ್ ಎಲ್ಲ ಹಾಕಿ, ಆಗಲೂ 13.5ಕ್ಕಿಂತ ಇಳಿಯಬಾರದು. ಎಂಜಿನ್ ಓಡುವಾಗಲೂ 12.4 ಎಂದೇ ತೋರಿಸಿದರೆ ಆಲ್ಟರ್ನೇಟರ್ ಏನೂ ಕೊಡುತ್ತಿಲ್ಲ. ಬೆಲ್ಟ್ ಸಡಿಲವೇ, ಹಿಂಬದಿಯ ಕನೆಕ್ಟರ್ ಕಳಚಿದೆಯೇ, ದಪ್ಪ ಕೇಬಲಿನ ಫ್ಯೂಸ್ ಹೋಗಿದೆಯೇ ನೋಡಿ, ಆಮೇಲೆ ಆಲ್ಟರ್ನೇಟರ್ ಬಿಚ್ಚುವ ಮಾತು. 15 ದಾಟಿದರೆ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ; ಪದೇ ಪದೇ ನೀರು ಬತ್ತುವುದಕ್ಕೂ ಇದೇ ಕಾರಣವಿರಬಹುದು.

ಈಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ವೋಲ್ಟೇಜನ್ನು 13ರ ಕೆಳಗೂ ಇಳಿಸುತ್ತದೆ. ಹೆಡ್‌ಲೈಟ್ ಹಾಕಿದೊಡನೆ ಮೇಲೇರಿದರೆ ದೋಷವಲ್ಲ.

ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಕೀ ಹಾಕಿದಾಗ ಉರಿದು, ಎಂಜಿನ್ ಎದ್ದಾಗ ಆರಬೇಕು. ಓಡುವಾಗಲೂ ಮಿಣುಕುತ್ತಿದ್ದರೆ ಆಲ್ಟರ್ನೇಟರಿನ ಎಸಿ, ಅಂದರೆ ದಿಕ್ಕು ಬದಲಿಸುವ ಕರೆಂಟನ್ನು ಡಿಸಿಗೆ ತಿರುಗಿಸುವ ಡಯೋಡ್ ಮೇಲೆ ಸಂಶಯ ಪಡಿ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿದಾಗ 0.5ಕ್ಕಿಂತ ಹೆಚ್ಚು ಬಂದರೆ ಸಂಶಯ ಗಟ್ಟಿ. ಆದರೆ ಅಗ್ಗದ ಹಳದಿ ಮೀಟರುಗಳಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಅವು ಎಸಿ ವಿಭಾಗದಲ್ಲಿ ಡಿಸಿಯನ್ನೂ ಓದಿ 26, 30 ಎಂದೆಲ್ಲ ತೋರಿಸುತ್ತವೆ, ಕಡ್ಡಿ ಅದಲುಬದಲು ಮಾಡಿದರೆ ಸೊನ್ನೆ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಸರಿ ಇದೆಯಾ’ ಎಂದು ನೋಡುವ ಹಳೆಯ ಪದ್ಧತಿ ಈಗಲೂ ಕೆಲವು ಗ್ಯಾರೇಜುಗಳಲ್ಲಿ ಉಳಿದಿದೆ. ಬ್ಯಾಟರಿ ತಪ್ಪಿದ ಕ್ಷಣ ಏಳುವ ವೋಲ್ಟೇಜ್ ಅಲೆ ಇಸಿಯು, ಮ್ಯೂಸಿಕ್ ಸಿಸ್ಟಂ, ಡಯೋಡ್ ಎಲ್ಲವನ್ನೂ ಸುಡಬಲ್ಲದು. ಯಾರಾದರೂ ಸ್ಪ್ಯಾನರ್ ಹಿಡಿದು ಬಂದರೆ ತಡೆಯಿರಿ.

ಎಲ್ಲ ಅಂಕಿಯೂ ಸರಿ ಇದ್ದು ಬ್ಯಾಟರಿ ಮಾತ್ರ ಸದಾ 12.2ರಲ್ಲೇ ಇದ್ದರೆ ಓಡಾಟದ ರೀತಿ ನೋಡಿ. ಬೆಂಗಳೂರಿನ ಸಿಗ್ನಲ್ ಸಿಗ್ನಲ್‌ನಲ್ಲಿ ನಿಂತು, ಎಸಿ ಹಾಕಿಕೊಂಡು ಮೂರು ಕಿಲೋಮೀಟರ್ ಹೋಗಿ ಬರುವ ಕಾರಿನಲ್ಲಿ, ಸೆಲ್ಫ್ ತಿಂದದ್ದನ್ನು ತುಂಬಿಕೊಡಲು ಆಲ್ಟರ್ನೇಟರಿಗೆ ಸಮಯವೇ ಸಿಗುವುದಿಲ್ಲ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವಾಗ) ಅದರ ಉತ್ಪಾದನೆಯೂ ಕಡಿಮೆ. ವಾರಕ್ಕೊಮ್ಮೆ 40–50 ನಿಮಿಷ ಹೈವೇ ಓಟ, ಇಲ್ಲವೇ ತಿಂಗಳಿಗೊಮ್ಮೆ ಚಾರ್ಜರ್ ಹಾಕಬೇಕಾಗುತ್ತದೆ.

ರಾತ್ರಿ ಕರೆಂಟ್ ಕುಡಿಯುವವರು

ಸಂಜೆ ಚೆನ್ನಾಗಿ ಎದ್ದ ಕಾರು ಎರಡು ದಿನ ನಿಂತರೆ ಏಳದು, ಚಾರ್ಜಿಂಗ್ ಸರಿ ಇದೆ, ಬ್ಯಾಟರಿಯೂ ಹೊಸದು. ಹಾಗಾದರೆ ನಿಂತ ಕಾರು ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಅಳೆಯಬೇಕು. ಗಡಿಯಾರ, ಅಲಾರಂ, ಇಸಿಯು ನೆನಪಿಗಾಗಿ 20ರಿಂದ 50 ಮಿಲಿಆಂಪ್ ಸಹಜ. 50 ಮಿಲಿಆಂಪ್ ಎಂದರೆ ದಿನಕ್ಕೆ 1.2 ಆಂಪ್ ಅವರ್ (ಆಂಪ್ ಗುಣಿಸು ಗಂಟೆ). ಸಣ್ಣ ಕಾರುಗಳ 35 ಆಂಪ್ ಅವರ್ ಬ್ಯಾಟರಿ ಅರ್ಧಕ್ಕಿಳಿಯಲು ಎರಡು ವಾರ. ಡಿಕ್ಕಿಯ 5 ವಾಟಿನ ಒಂದು ದೀಪ ಆರದೆ ಉಳಿದರೆ ದಿನಕ್ಕೆ 10 ಆಂಪ್ ಅವರ್ ಹೋಗುತ್ತದೆ, ಎರಡನೇ ಬೆಳಿಗ್ಗೆ ಕಾರು ಏಳುವುದಿಲ್ಲ.

ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿಗೆ ಹಾಕಿ. ಈ ಸ್ಥಿತಿಯಲ್ಲಿ ಮೀಟರ್ ಎಂದರೆ ಬರೀ ಒಂದು ತಂತಿ. ಬ್ಯಾಟರಿಯ ಎರಡು ಗೂಟಗಳಿಗೆ ನೇರ ತಾಗಿಸಿದರೆ ಶಾರ್ಟ್ ಸರ್ಕ್ಯೂಟ್. ಅಗ್ಗದ ಮೀಟರುಗಳ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ. ಬಾನೆಟ್ ತೆರೆದು, ಚಾಲಕನ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒಳಗೆ ತಿರುಗಿಸಿ ಬಾಗಿಲು ಮುಚ್ಚಿದೆಯೆಂದು ಕಾರು ನಂಬುವಂತೆ ಮಾಡಿ. ಪರೀಕ್ಷೆ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಂಡಿ ಬಿಡಿಸದೆ ಬಾಗಿಲು ಹಾಕಿದರೆ ಲಾಕ್ ಮುರಿಯುತ್ತದೆ. ಕೀಲೆಸ್ ಕೀ ಮನೆಯೊಳಗಿರಲಿ.

ಮೊಸಳೆ ಕ್ಲಿಪ್ಪಿನಿಂದ ಒಂದು ಕಡ್ಡಿಯನ್ನು ಮೈನಸ್ ಗೂಟಕ್ಕೂ ಇನ್ನೊಂದನ್ನು ಮೈನಸ್ ಕೇಬಲಿಗೂ ಕಚ್ಚಿಸಿ, ಆಮೇಲೆ ಸಡಿಲಿಸಿದ ಕ್ಲ್ಯಾಂಪನ್ನು ಗೂಟದಿಂದ ಮೆಲ್ಲಗೆ ಎತ್ತಿ. ಹೀಗೆ ಮಾಡಿದರೆ ಸಂಪರ್ಕ ಒಂದು ಕ್ಷಣವೂ ತಪ್ಪುವುದಿಲ್ಲ, ಮಲಗಿದ ಕಂಪ್ಯೂಟರುಗಳು ಎಚ್ಚರಗೊಳ್ಳುವುದಿಲ್ಲ. ಮೊದಲು ಕೆಲವು ಆಂಪ್ ಕಂಡರೆ ಗಾಬರಿ ಬೇಡ, ಎಲ್ಲ ಮಲಗಲು 20ರಿಂದ 45 ನಿಮಿಷ ಬಿಡಿ. ನಡುವೆ ಸೆಲ್ಫ್ ಹೊಡೆದರೆ ಮೀಟರ್ ಸುಟ್ಟುಹೋಗುತ್ತದೆ.

ಆಮೇಲೂ 50 ಮಿಲಿಆಂಪಿಗಿಂತ ಹೆಚ್ಚಿದ್ದರೆ ಕಳ್ಳನನ್ನು ಹಿಡಿಯಲು ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತ ಮೀಟರ್ ನೋಡುವುದು ಒಂದು ದಾರಿ. ಆದರೆ ಫ್ಯೂಸ್ ಮರಳಿ ಹಾಕಿದಾಗಲೆಲ್ಲ ಕಾರಿನ ಯಾವುದಾದರೊಂದು ಕಂಪ್ಯೂಟರ್ ಮಾಡ್ಯೂಲ್ ಎದ್ದು ಕೂತು ಲೆಕ್ಕ ಕೆಡಿಸುತ್ತದೆ. ಇದಕ್ಕಿಂತ ಜಾಣ ದಾರಿ ಇದೆ: ಕ್ಲ್ಯಾಂಪ್ ಮರಳಿ ಹಾಕಿ, ಕೆಂಪು ಕಡ್ಡಿಯನ್ನು ವೋಲ್ಟ್ ತೂತಿಗೆ ಬದಲಿಸಿ, ಕಾರು ಮತ್ತೆ ಮಲಗುವವರೆಗೆ ಬಿಟ್ಟು, ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು ಪ್ರತಿ ಫ್ಯೂಸಿನ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕಿಗಳಿಗೆ ಕಡ್ಡಿ ಮುಟ್ಟಿಸಿ. ಕರೆಂಟ್ ಹರಿಯದ ಫ್ಯೂಸ್ 0.0 ತೋರಿಸುತ್ತದೆ. 10 ಆಂಪಿನ ಸಣ್ಣ ಫ್ಯೂಸಿನ ತಡೆ ಸುಮಾರು 7–8 ಮಿಲಿಓಮ್ ಇರುವುದರಿಂದ 0.8 ಮಿಲಿವೋಲ್ಟ್ ಬಂದರೆ 100 ಮಿಲಿಆಂಪ್ ಆಸುಪಾಸು ಹರಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಒಂದು ಫ್ಯೂಸನ್ನೂ ಕೀಳಬೇಕಾಗಿಲ್ಲ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಹೊರಗೆ ಹಾಕಿಸಿದ ಸಾಮಾನು. ಮ್ಯೂಸಿಕ್ ಸಿಸ್ಟಮ್ಮಿನಲ್ಲಿ ಹಳದಿ ವೈರ್ ಸದಾ ಕರೆಂಟಿಗೆ, ಕೆಂಪು ವೈರ್ ಕೀ ಮೂಲಕ ಬರಬೇಕು. ಕೀ ಇಲ್ಲದೆಯೂ ಹಾಡು ಬರಲಿ ಎಂದು ಎರಡನ್ನೂ ಸೇರಿಸಿ ಟೇಪ್ ಸುತ್ತಿರುತ್ತಾರೆ, ಸೆಟ್ ಎಂದೂ ಪೂರ್ತಿ ಮಲಗುವುದಿಲ್ಲ. ಪಾರ್ಕಿಂಗ್ ಮೋಡಿನ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಒಬಿಡಿ (ದೋಷ ಪತ್ತೆಯ ಸ್ಕ್ಯಾನರ್ ಜೋಡಿಸುವ) ಸಾಕೆಟ್ಟಿಗೆ ಸಿಕ್ಕಿಸಿಟ್ಟ ಡಾಂಗಲ್ ಕೂಡ ಇದೇ ಗುಂಪು. ಗ್ಲೋವ್ ಬಾಕ್ಸ್, ಡಿಕ್ಕಿ ದೀಪ ಆರುತ್ತಿದೆಯೇ ತಿಳಿಯಲು ಮೊಬೈಲಿನಲ್ಲಿ ವಿಡಿಯೋ ಹಾಕಿ ಒಳಗಿಟ್ಟು ಮುಚ್ಚಿ ನೋಡಿ. ಫಾಸ್ಟ್ಯಾಗಿನ ಮೇಲೆ ಸಂಶಯ ಬೇಡ, ಅದಕ್ಕೂ ಕಾರಿನ ಬ್ಯಾಟರಿಗೂ ಸಂಬಂಧವೇ ಇಲ್ಲ. ಎಲ್ಲ ಫ್ಯೂಸೂ ಸೊನ್ನೆ ತೋರಿಸಿ ಸೋರಿಕೆ ಮಾತ್ರ ಉಳಿದಿದ್ದರೆ ಆಲ್ಟರ್ನೇಟರಿನ ಡಯೋಡ್ ಹಿಮ್ಮುಖವಾಗಿ ಸೋರುತ್ತಿರಬಹುದು. ಅದರ ದಪ್ಪ ಕೇಬಲ್ ಈ ಸಣ್ಣ ಫ್ಯೂಸ್‌ಗಳ ಮೂಲಕ ಹಾದುಹೋಗುವುದಿಲ್ಲ.

ತಾತ್ಕಾಲಿಕವಾಗಿ ಎಬ್ಬಿಸುವುದು, ಚಾರ್ಜ್ ಮಾಡುವುದು

ಜಂಪರ್ ಕೇಬಲಿನ ಕ್ರಮ: ಕೆಂಪು, ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಅದರ ಆಚೆ ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು, ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ, ಅದರ ಕೊನೆಯ ತುದಿ ನಿಂತ ಕಾರಿನ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದರಿಂದ ಅದು ಹೈಡ್ರೋಜನ್ ಇರುವಲ್ಲಿ ಆಗಬಾರದು. ಐದು ನಿಮಿಷ ಒಳ್ಳೆಯ ಕಾರು ಓಡಲಿ, ಆಮೇಲೆ ಸೆಲ್ಫ್ ಹೊಡೆಯಿರಿ. ಬಿಚ್ಚುವುದು ಉಲ್ಟಾ ಕ್ರಮದಲ್ಲಿ.

ಪೂರ್ತಿ ಇಳಿದ ಬ್ಯಾಟರಿಯನ್ನು ಕಾರು ಓಡಿಸಿಯೇ ತುಂಬಿಸಲು ಹೊರಟರೆ ಆಲ್ಟರ್ನೇಟರ್ ಬಳಲುತ್ತದೆ. ಚಾರ್ಜರಿನಲ್ಲಿ, ಸಾಮರ್ಥ್ಯದ ಹತ್ತನೇ ಒಂದರಷ್ಟು ಕರೆಂಟಿನಲ್ಲಿ ಹಾಕಿ: 35 ಆಂಪ್ ಅವರಿಗೆ 3.5 ಆಂಪ್, 10ರಿಂದ 12 ಗಂಟೆ, ಗಾಳಿಯಾಡುವ ಜಾಗದಲ್ಲಿ. ಮನೆಯ ಇನ್ವರ್ಟರ್ ದೊಡ್ಡ ಬ್ಯಾಟರಿಗೆಂದು ಮಾಡಿದ್ದು, ಸಣ್ಣ ಕಾರ್ ಬ್ಯಾಟರಿಗೆ ಅದರ ಕರೆಂಟ್ ಹೆಚ್ಚು. ಮೈನಸ್ ಗೂಟದ ಮೇಲೆ ಸೆನ್ಸರ್ ಇರುವ ಸ್ಟಾರ್ಟ್-ಸ್ಟಾಪ್ (ನಿಂತಾಗ ಎಂಜಿನ್ ತಾನೇ ಆರಿ, ಹೊರಡುವಾಗ ತಾನೇ ಏಳುವ) ಕಾರುಗಳಲ್ಲಿ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಗೂಟಕ್ಕಲ್ಲ, ಕಾರಿನ ಬಾಡಿಯ ಲೋಹಕ್ಕೆ ಹಾಕಿ.

ಬದಲಿಸಲೇಬೇಕಾದಾಗ

ಅಳತೆ ಮುಗಿದು ತಪ್ಪು ಬ್ಯಾಟರಿಯದೇ ಎಂದಾದರೆ ಹಳೆಯದರ ಮೇಲಿನ ಅಕ್ಷರ, ಅಂಕಿಗಳನ್ನೆಲ್ಲ ಬರೆದುಕೊಂಡು ಹೋಗಿ. 38ಬಿ20ಎಲ್ ಎಂಬಲ್ಲಿ ಕೊನೆಯ ಎಲ್ ಅಥವಾ ಆರ್ ಪ್ಲಸ್ ಗೂಟ ಯಾವ ಬದಿಗಿದೆ ಎಂದು ಹೇಳುತ್ತದೆ. ತಪ್ಪಿದರೆ ಕೇಬಲ್ ಮುಟ್ಟುವುದಿಲ್ಲ. ಬಿ20 ಎಂಬ ಅಳತೆಯ ಬ್ಯಾಟರಿಯ ಗೂಟ ತೆಳು, ಡಿನ್ ಎಂಬ ಜರ್ಮನ್ ಮಾನದಂಡದ ಮಾದರಿಯದು ದಪ್ಪ. ಸ್ಟಾರ್ಟ್-ಸ್ಟಾಪ್ ಕಾರಿನಲ್ಲಿ ಇಎಫ್‌ಬಿ ಅಥವಾ ಎಜಿಎಂ (ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಬ್ಯಾಟರಿ ಬಗೆಗಳು) ಇದ್ದರೆ ಅದೇ ಬಗೆಯದನ್ನೇ ಹಾಕಿಸಿ, ಸಾಮಾನ್ಯದ್ದು ಬೇಗ ಸಾಯುತ್ತದೆ. ತಯಾರಾದ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಇಟ್ಟು 12.5ಕ್ಕಿಂತ ಕಡಿಮೆಯಿದ್ದರೆ ಬೇರೆ ಕೇಳಿ. ಹಳೆಯದನ್ನು ಗುಜರಿಗೆ ಹಾಕುವ ಬದಲು ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಳೆದುಕೊಡುತ್ತಾರೆ.

ಸಂಪರ್ಕ ತಪ್ಪಿದ್ದರಿಂದ ಗಡಿಯಾರ, ರೇಡಿಯೋ ಸ್ಟೇಷನ್ ಅಳಿಸಿಹೋಗುತ್ತವೆ. ಒಂದೇ ಒತ್ತಿಗೆ ಏರುವ ಕಿಟಕಿ ಕೆಲಸ ಮಾಡದಿದ್ದರೆ ಗಾಜನ್ನು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದು ಹಿಡಿಯಿರಿ, ಹೆಚ್ಚಿನ ಕಾರುಗಳಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ಐಡಲ್ ಒಂದೆರಡು ದಿನ ಏರುಪೇರಾಗಬಹುದು. ನಿಂತಾಗ, ಸೆಲ್ಫ್ ಹೊಡೆವಾಗ, ಓಡುವಾಗ ಎಷ್ಟೆಷ್ಟು ವೋಲ್ಟ್ ಬಂತೆಂದು ಅಂದೇ ವಾರಂಟಿ ಕಾರ್ಡಿನ ಹಿಂದೆ ಬರೆದಿಡಿ; ಮುಂದಿನ ಸಲ ಹೋಲಿಸಲು ಬೇಕಾಗುವುದು ಆ ಅಂಕಿಗಳೇ.